ಹ್ಯಾಂಡಲ್‌ಗೆ ಕಟ್ಟಿದ ಫೋನು, ಜೇಬಿನ ಉಳಿದ ಸಾಮಾನು

ಫೋನಿನ ಡಬ್ಬಿ ಮೇಲಿನ ಅಂಕಿಗಳೆಲ್ಲ ಎಸಿ ಕೋಣೆಯಲ್ಲಿ ಹುಟ್ಟಿದವು. ಬೆಂಗಳೂರಿನಲ್ಲಿ ಅದರ ಪರೀಕ್ಷೆ ನಡೆಯುವುದು ಬೈಕಿನ ಹ್ಯಾಂಡಲ್ ಮೇಲೆ. ಬೆಳಗಿನಿಂದ ಸಂಜೆವರೆಗೆ ಅಲ್ಲೇ ನೇತಾಡುವ ಫೋನು ಬಿಸಿಲು, ಗುಂಡಿ, ಅಕಾಲದ ಮಳೆ, ಫ್ಲೈಓವರ್ ನೆರಳು ಎಲ್ಲವನ್ನೂ ಒಂದೇ ದಿನದಲ್ಲಿ ನೋಡುತ್ತದೆ. ಹಾಗಾಗಿ ಇಲ್ಲಿ ಒಂದು ಮಾಡೆಲ್‌ಗೆ ನಕ್ಷತ್ರ ಕೊಡುವುದಕ್ಕಿಂತ, ಯಾವ ಕೆಲಸಕ್ಕೆ ಫೋನು ಸಾಕು, ಯಾವುದಕ್ಕೆ ಬೇರೆ ಸಾಮಾನು ಬೇಕು ಅನ್ನುವುದನ್ನು ಅಳೆದು ನೋಡುವುದೇ ಸರಿ. ಐವತ್ತು ಅರವತ್ತು ಸಾವಿರದ ಫೋನಿನ ಬದಲು ಅದರರ್ಧ ಬೆಲೆಯದನ್ನು ಕೊಂಡು, ಮಿಕ್ಕ ದುಡ್ಡಲ್ಲಿ ಎರಡು ಮೂರು ಸಣ್ಣ ಸಾಮಾನು ಇಟ್ಟುಕೊಳ್ಳುವವರೇ ಈ ಊರಲ್ಲಿ ಜಾಣರು.

ಮೊದಲು ಕ್ಯಾಮೆರಾ ಹಾಳಾಗುವ ಕಥೆ. ಕೈ ನಡುಗಿದರೂ ಚಿತ್ರ ಅಲುಗದಿರಲಿ ಎಂದು ಈಗಿನ ಹಲವು ಫೋನುಗಳಲ್ಲಿ ಓಐಎಸ್ ಎಂಬ ವ್ಯವಸ್ಥೆ ಇರುತ್ತದೆ. ಲೆನ್ಸನ್ನು, ಕೆಲವು ಮಾದರಿಗಳಲ್ಲಿ ಸೆನ್ಸರನ್ನೇ, ಕೂದಲೆಳೆಯಂಥ ಸ್ಪ್ರಿಂಗುಗಳ ಮೇಲೆ ತೂಗಿಬಿಟ್ಟಿರುತ್ತಾರೆ. ಗೈರೊಸ್ಕೋಪ್ ನಡುಕವನ್ನು ಅಳೆಯುತ್ತದೆ, ಕಾಯಿಲು ಮತ್ತು ಆಯಸ್ಕಾಂತ ಸೇರಿ ಲೆನ್ಸನ್ನು ಎದುರು ದಿಕ್ಕಿಗೆ ತಳ್ಳುತ್ತವೆ. ಕೈನಡುಕಕ್ಕೆಂದು ಮಾಡಿದ ಈ ನಾಜೂಕು ವ್ಯವಸ್ಥೆಗೆ ಸಿಂಗಲ್ ಸಿಲಿಂಡರ್ ಎಂಜಿನ್ನಿನ ಗಂಟೆಗಟ್ಟಲೆಯ ಕಂಪನ ತಾಗಿದರೆ ಸ್ಪ್ರಿಂಗು ಸೋಲುತ್ತದೆ. 2021ರ ಸೆಪ್ಟೆಂಬರ್‌ನಲ್ಲಿ ಆಪಲ್ ಕಂಪನಿಯೇ ಇದನ್ನು ಬರಹದಲ್ಲಿ ಒಪ್ಪಿಕೊಂಡಿತು: ದೊಡ್ಡ ಎಂಜಿನ್ನಿನ ಬೈಕಿಗೆ ಐಫೋನ್ ಕಟ್ಟಬೇಡಿ, ಸ್ಕೂಟರ್ ಅಥವಾ ಮೊಪೆಡ್‌ಗೆ ಕಟ್ಟುವುದಾದರೂ ಕಂಪನ ತಗ್ಗಿಸುವ ಮೌಂಟ್ ಬಳಸಿ ಎಂದು. ಓಐಎಸ್ ಇರುವ ಆಂಡ್ರಾಯ್ಡ್ ಫೋನಿಗೂ ಇದೇ ಭೌತಶಾಸ್ತ್ರ.

ಕೆಟ್ಟಿದೆಯೋ ಇಲ್ಲವೋ ತಿಳಿಯಲು ಕ್ಯಾಮೆರಾ ತೆರೆದು ಫೋನನ್ನು ಮೇಜಿನ ಅಂಚಿಗೆ ಒರಗಿಸಿಡಿ. 1ಎಕ್ಸ್‌ನಲ್ಲಿ ಚಿತ್ರ ಹಲ್ವಾ ತರಹ ಅದುರುತ್ತಿದ್ದು, 0.5ಎಕ್ಸ್‌ಗೆ, ಅಂದರೆ ಅಲ್ಟ್ರಾವೈಡ್ ಲೆನ್ಸಿಗೆ, ಹೋದಾಗ ನಿಂತರೆ, ತೊಂದರೆ ಮುಖ್ಯ ಕ್ಯಾಮೆರಾದ ಓಐಎಸ್‌ನದೇ. ಬಹುತೇಕ ಅಲ್ಟ್ರಾವೈಡ್ ಲೆನ್ಸುಗಳಿಗೆ ಓಐಎಸ್ ಇರುವುದಿಲ್ಲ. ಕಿವಿ ಹತ್ತಿರ ಇಟ್ಟರೆ ಸಣ್ಣಗೆ ಗುಂಯ್ ಅನ್ನುವ ಸದ್ದೂ ಕೇಳಿಸಬಹುದು. ಸಾಫ್ಟ್‌ವೇರ್ ರೀಸೆಟ್‌ನಿಂದ ಇದು ಸರಿಹೋಗದು, ಕ್ಯಾಮೆರಾ ಮಾಡ್ಯೂಲನ್ನೇ ಬದಲಿಸಬೇಕು.

ಮೌಂಟ್ ಕೊಳ್ಳುವಾಗ ಎರಡು ವಿಷಯ ನೋಡಿ. ಫೋನ್ ಹಿಡಿಯುವ ತೊಟ್ಟಿಲಿಗೂ ಹ್ಯಾಂಡಲ್ ಕ್ಲಾಂಪಿಗೂ ನಡುವೆ ರಬ್ಬರ್ ಅಥವಾ ಸಿಲಿಕೋನ್ ಬುಷ್ ಇರುವ ಡ್ಯಾಂಪರ್ ಇರಬೇಕು. ತೋಳು ಗಿಡ್ಡದಾಗಿರಬೇಕು, ಕನ್ನಡಿಯ ಕಡ್ಡಿಗೆ ಸಿಕ್ಕಿಸಿದ ಉದ್ದ ತೋಳಿನ ಮೌಂಟು ಕಂಪನವನ್ನು ತಗ್ಗಿಸುವ ಬದಲು ಹೆಚ್ಚಿಸುತ್ತದೆ. ಆಯಸ್ಕಾಂತದ ಮೌಂಟು ಬೈಕಿಗೆ ಬೇಡವೇ ಬೇಡ. ದಿಕ್ಸೂಚಿ ತಪ್ಪುವುದು ಒಂದು, ಹಂಪಿನ ಮೇಲೆ ಫೋನು ಹಾರಿಹೋಗುವುದು ಇನ್ನೊಂದು.

ಇದಕ್ಕಿಂತ ಒಳ್ಳೆಯ ಉಪಾಯವೂ ಇದೆ: ಮೂಲೆಯಲ್ಲಿ ಬಿದ್ದಿರುವ ಹಳೇ ಫೋನನ್ನು ಹ್ಯಾಂಡಲಿಗೆ ಕಟ್ಟಿ, ಜೇಬಿನ ಹೊಸ ಫೋನಿಂದ ಹಾಟ್‌ಸ್ಪಾಟ್ ಕೊಡಿ. ಬೆಂಗಳೂರಿನ ನಕ್ಷೆಯನ್ನು ಆಫ್‌ಲೈನ್ ಇಳಿಸಿಟ್ಟರೆ ಹಾಟ್‌ಸ್ಪಾಟ್ ಇಲ್ಲದೆಯೂ ದಾರಿ ಸಿಗುತ್ತದೆ, ಟ್ರಾಫಿಕ್ ಎಷ್ಟಿದೆ ಎಂಬುದು ಮಾತ್ರ ಕಾಣುವುದಿಲ್ಲ. ಡ್ಯಾಶ್‌ಬೋರ್ಡಿನಲ್ಲೇ ದಾರಿ ತೋರುವ ಗಾಡಿಗಳು ಈ ತಲೆನೋವನ್ನೇ ಕಳೆದಿವೆ. ನಮ್ಮೂರಿನದೇ ಆದ ಏಥರ್ 450ಎಕ್ಸ್ ವಿದ್ಯುತ್ ಸ್ಕೂಟರಿನ ಪರದೆಯಲ್ಲಿ ಗೂಗಲ್ ನಕ್ಷೆಯೇ ಬರುತ್ತದೆ. ರಾಯಲ್ ಎನ್‌ಫೀಲ್ಡ್ ಬೈಕುಗಳ ಟ್ರಿಪ್ಪರ್ ಎಂಬ ಪುಟ್ಟ ದುಂಡು ಪರದೆ ಬಾಣದ ಗುರುತನ್ನಷ್ಟೇ ತೋರಿಸುತ್ತದೆ. ಓಡಿಸುವವನಿಗೆ ಆ ಬಾಣವೇ ಸಾಕು ಅನ್ನಿ.

ಬಿಸಿಲಿನ ವಿಷಯಕ್ಕೆ ಬಂದರೆ, ಐಫೋನುಗಳಿಗೆ ಆಪಲ್ ಹೇಳಿರುವ ಬಳಕೆಯ ಮಿತಿ 0ಯಿಂದ 35 ಡಿಗ್ರಿ. ಬೆಂಗಳೂರು 2016ರ ಏಪ್ರಿಲ್‌ನಲ್ಲಿ 39.2 ಡಿಗ್ರಿ ಕಂಡಿದೆ, ಅದೂ ನೆರಳಿನ ಲೆಕ್ಕ. ನೇರ ಬಿಸಿಲಿಗೆ ಮುಖಮಾಡಿದ ಕಪ್ಪು ಗಾಜಿನ ಬಿಸಿ ಅದಕ್ಕಿಂತ ಎಷ್ಟೋ ಹೆಚ್ಚು. ಬಿಸಿಯಾದ ಫೋನು ಮೊದಲು ಪರದೆಯ ಬೆಳಕು ತಗ್ಗಿಸುತ್ತದೆ, ಆಮೇಲೆ ಚಾರ್ಜಿಂಗ್ ನಿಲ್ಲಿಸುತ್ತದೆ, ಕೊನೆಗೆ ಎಚ್ಚರಿಕೆ ತೋರಿಸಿ ಕೈಚೆಲ್ಲುತ್ತದೆ. ಜಾಹೀರಾತಿನಲ್ಲಿ ಮೂರು ಸಾವಿರ, ನಾಲ್ಕು ಸಾವಿರ ನಿಟ್ ಬೆಳಕು ಎಂದಿರುತ್ತದಲ್ಲ, ಅದು ಎಚ್‌ಡಿಆರ್ ವಿಡಿಯೊ ನೋಡುವಾಗ ಪರದೆಯ ಒಂದು ಚೂರಿನಲ್ಲಿ ಕ್ಷಣಹೊತ್ತು ಬರುವ ಬೆಳಕು. ಇಡೀ ಪರದೆಯಲ್ಲಿ ನಕ್ಷೆ ನೋಡುವಾಗ ಲೆಕ್ಕಕ್ಕೆ ಬರುವುದು ಹೈ ಬ್ರೈಟ್‌ನೆಸ್ ಮೋಡ್‌ನ, ಅಂದರೆ ಬಿಸಿಲಿನಲ್ಲಿ ಪರದೆ ತಾನೇ ಬೆಳಕು ಏರಿಸಿಕೊಳ್ಳುವಾಗಿನ, ಅಂಕಿ. ಅದೂ ಫೋನು ತಣ್ಣಗಿದ್ದರೆ ಮಾತ್ರ. ದಪ್ಪ ಕವರ್ ತೆಗೆದು ಕಟ್ಟಿ. ಬೈಕಿನ ಯುಎಸ್‌ಬಿಯಿಂದ ಚಾರ್ಜ್ ಮಾಡುತ್ತಲೇ ನಕ್ಷೆ ನೋಡಿದರೆ ಹೊರಗಿನ ಬಿಸಿಗೆ ಒಳಗಿನ ಬಿಸಿಯೂ ಸೇರುತ್ತದೆ. ಮನೆಯಲ್ಲೇ ಚಾರ್ಜ್ ಮಾಡಿ ಹೊರಡುವುದು ವಾಸಿ. ಲಿಥಿಯಂ ಬ್ಯಾಟರಿಯ ಆಯುಸ್ಸು ಕುಗ್ಗಿಸುವುದರಲ್ಲಿ ಬಿಸಿಗೆ ಸಮ ಯಾವುದೂ ಇಲ್ಲ. ತುಂಬಿದ ಬ್ಯಾಟರಿ ಬಿಸಿಯಲ್ಲಿ ಕೂತರೆ ಇನ್ನೂ ಕೆಟ್ಟದ್ದು. ಸೆಟ್ಟಿಂಗ್ಸ್‌ನಲ್ಲಿ 80 ಪ್ರತಿಶತಕ್ಕೆ ಚಾರ್ಜ್ ನಿಲ್ಲಿಸುವ ಆಯ್ಕೆ ಇದ್ದರೆ ಬೇಸಿಗೆಯಲ್ಲಾದರೂ ಹಾಕಿಕೊಳ್ಳಿ.

ಇನ್ನು ದಾರಿ ತಪ್ಪುವುದು. ಸಿಲ್ಕ್ ಬೋರ್ಡಿನಿಂದ ಎಲೆಕ್ಟ್ರಾನಿಕ್ ಸಿಟಿಗೆ ಹೋಗುವ ಸುಮಾರು 10 ಕಿ.ಮೀ. ಎತ್ತರಿಸಿದ ರಸ್ತೆ ಇದೆಯಲ್ಲ, ಅದರಡಿ ಹೋಗುವಾಗ ನಕ್ಷೆಯ ನೀಲಿ ಚುಕ್ಕೆ ಮೇಲಿನ ರಸ್ತೆಗೆ ಜಿಗಿಯುತ್ತದೆ. ರಾಗಿಗುಡ್ಡದ ಡಬಲ್ ಡೆಕ್ಕರ್‌ನಲ್ಲಂತೂ ಕೆಳಗೊಂದು ರಸ್ತೆ, ಮೇಲೊಂದು ರಸ್ತೆ, ಅದರ ಮೇಲೆ ಮೆಟ್ರೊ. ಉಪಗ್ರಹದ ಸಂಕೇತ ಕಾಂಕ್ರೀಟಿಗೆ ಬಡಿದು ತಿರುಗಿ ಬಂದಾಗ ದೂರದ ಲೆಕ್ಕ ತಪ್ಪುತ್ತದೆ. ಈ ಉಪಗ್ರಹಗಳು ಎಲ್1, ಎಲ್5 ಎಂಬ ಬೇರೆ ಬೇರೆ ತರಂಗಗಳಲ್ಲಿ ಸಂಕೇತ ಕಳಿಸುತ್ತವೆ. ಎಲ್1 ಜೊತೆಗೆ ಎಲ್5 ತರಂಗವನ್ನೂ ಹಿಡಿಯುವ ಫೋನಿನಲ್ಲಿ ಈ ತಪ್ಪು ಕಡಿಮೆ, ಯಾಕೆಂದರೆ ಪ್ರತಿಫಲಿಸಿದ ಸಂಕೇತವನ್ನು ನೇರ ಸಂಕೇತದಿಂದ ಬೇರ್ಪಡಿಸುವುದು ಎಲ್5ನಲ್ಲಿ ಸುಲಭ. ಇಸ್ರೊದ ದಾರಿ ತೋರುವ ಉಪಗ್ರಹ ವ್ಯವಸ್ಥೆ ನಾವಿಕ್ ಕೂಡ ಎಲ್5ನಲ್ಲೇ ಪ್ರಸಾರ ಮಾಡುತ್ತದೆ. 2023ರ ಮೇ ತಿಂಗಳಲ್ಲಿ ಹಾರಿದ ಅದರ ಎನ್‌ವಿಎಸ್-01 ಉಪಗ್ರಹದಿಂದ ಎಲ್1 ಕೂಡ ಸೇರಿತು. ಆಂಡ್ರಾಯ್ಡ್ ಫೋನಾದರೆ ಅಂಗಡಿಯಲ್ಲಿ ನಿಂತೇ ಪರೀಕ್ಷಿಸಬಹುದು: ಜಿಪಿಎಸ್‌ಟೆಸ್ಟ್ ಆ್ಯಪ್ ಹಾಕಿ, ಬಾಗಿಲಾಚೆ ಎರಡು ನಿಮಿಷ ಹಿಡಿದು, ಪಟ್ಟಿಯಲ್ಲಿ ಎಲ್5 ಕಾಣುತ್ತದೆಯೇ ನೋಡಿ. ಕಾಣದಿದ್ದರೆ, ಓಡಾಟದ ಕೆಲಸದವರಿಗೆ ಆ ಫೋನು ಬೇಡ. ಮೇಲಿನ ರಸ್ತೆಯೋ ಕೆಳಗಿನದೋ ಎನ್ನುವುದನ್ನು ಮಾತ್ರ ಯಾವ ಫೋನೂ ಖಚಿತವಾಗಿ ಹೇಳದು. ಫ್ಲೈಓವರ್ ಹತ್ತುವ ಮೊದಲು ಬೋರ್ಡು ಓದಿ.

ಪ್ರತ್ಯೇಕವಾಗಿ ಕೊಳ್ಳಲೇಬೇಕಾದ ಸಾಮಾನು ಪವರ್ ಬ್ಯಾಂಕ್. ದೂರುಗಳು ಹೆಚ್ಚಿರುವುದೂ ಇದರ ಮೇಲೇ. 10,000 ಎಂಎಎಚ್ ಅಂದರೆ 5,000 ಎಂಎಎಚ್ ಬ್ಯಾಟರಿಯ ಫೋನಿಗೆ ಎರಡು ಸಲ ಎಂದು ಎಲ್ಲರೂ ಲೆಕ್ಕ ಹಾಕುತ್ತಾರೆ. ಆ ಹತ್ತು ಸಾವಿರ ಒಳಗಿನ ಸೆಲ್ಲಿನ 3.7 ವೋಲ್ಟ್ ಲೆಕ್ಕ, ಅಂದರೆ 37 ವ್ಯಾಟ್ ಅವರ್. ಅದನ್ನು 5 ಅಥವಾ 9 ವೋಲ್ಟಿಗೆ ಏರಿಸುವಾಗ ಒಂದಿಷ್ಟು, ಫೋನಿನೊಳಗೆ ಮತ್ತೆ ಇಳಿಸುವಾಗ ಒಂದಿಷ್ಟು ಬಿಸಿಯಾಗಿ ಹೋಗುತ್ತದೆ. ಕೈಗೆ ಸಿಗುವುದು ಸುಮಾರು ಒಂದೂವರೆ ಸಲದ ಚಾರ್ಜು. ಇದು ಮೋಸವಲ್ಲ, ಡಬ್ಬಿಯ ಹಿಂದೆ ಸಣ್ಣ ಅಕ್ಷರದಲ್ಲಿ ‘ರೇಟೆಡ್ ಕೆಪ್ಯಾಸಿಟಿ’ ಎಂದು ಆರು ಸಾವಿರ ಚಿಲ್ಲರೆ ಅಂಕಿ ಇರುತ್ತದೆ. ಆ ಅಂಕಿಯೇ ಇಲ್ಲದಿದ್ದರೆ ಅನುಮಾನಪಡಿ. ಬಿಐಎಸ್ (ಭಾರತೀಯ ಮಾನಕ ಬ್ಯೂರೊ) ಗುರುತಿನ ಜೊತೆ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಅದನ್ನು ಹಾಕಿದರೆ ಯಾರ ಹೆಸರಿನ ನೋಂದಣಿ ಎಂದು ಗೊತ್ತಾಗುತ್ತದೆ. ಹೆಸರು ಹೊಂದದಿದ್ದರೆ ವಾಪಸ್ ಇಟ್ಟುಬಿಡಿ. ಫುಟ್‌ಪಾತಿನಲ್ಲಿ ‘50,000 ಎಂಎಎಚ್’ ಎಂದು ಮಾರುವ, ಅಂಗೈಯಲ್ಲಿ ಹಗುರವಾಗಿ ಕೂರುವ ಡಬ್ಬಿಗಳ ಸುದ್ದಿಯೇ ಬೇಡ. ನಿಜವಾಗಿ ಅಷ್ಟಿದ್ದರೆ ಅದು 185 ವ್ಯಾಟ್ ಅವರ್, ತೂಕ ಒಂದು ಕಿಲೋ ಹತ್ತಿರ ಬರಬೇಕು. ಮಾಮೂಲಿಯಾಗಿ ವಿಮಾನದೊಳಗೆ ಬಿಡುವುದು 100 ವ್ಯಾಟ್ ಅವರ್‌ವರೆಗೆ. 20,000ದ್ದು 74 ವ್ಯಾಟ್ ಅವರ್, ತೊಂದರೆಯಿಲ್ಲ, ಆದರೆ ಕೈಚೀಲದಲ್ಲೇ ಇರಬೇಕು. ಚೆಕ್-ಇನ್ ಸೂಟ್‌ಕೇಸಿನಲ್ಲಿಟ್ಟರೆ ದೇವನಹಳ್ಳಿಯಲ್ಲಿ ನಿಮ್ಮ ಹೆಸರು ಕೂಗುತ್ತಾರೆ.

ವೇಗದ ವಿಷಯದಲ್ಲಿ ವ್ಯಾಟ್ ಅಂಕಿಗಿಂತ ಭಾಷೆ ಮುಖ್ಯ. ಚಾರ್ಜರೂ ಫೋನೂ ಒಂದೇ ಭಾಷೆ ಆಡಬೇಕು. ಐಫೋನಿಗೆ ಯುಎಸ್‌ಬಿ ಪಿಡಿ ಎಂಬ ಸಾಮಾನ್ಯ ಚಾರ್ಜಿಂಗ್ ಭಾಷೆ ಇರುವ 20 ವ್ಯಾಟಿನ ಟೈಪ್-ಸಿ ಪೋರ್ಟ್ ಸಾಕು. ಸ್ಯಾಮ್‌ಸಂಗ್‌ನ ಸೂಪರ್ ಫಾಸ್ಟ್ ಚಾರ್ಜಿಂಗಿಗೆ ಪಿಪಿಎಸ್, ಅಂದರೆ ವೋಲ್ಟನ್ನು ಸಣ್ಣ ಸಣ್ಣ ಹಂತದಲ್ಲಿ ಬದಲಿಸುವ ಪಿಡಿ, ಬೇಕು. 45 ವ್ಯಾಟ್ ಬರಬೇಕಾದರೆ 5 ಆಂಪಿಯರ್ ತಡೆಯುವ ಚಿಪ್ ಇರುವ ಕೇಬಲ್ಲೂ ಬೇಕು. ಒನ್‌ಪ್ಲಸ್, ರಿಯಲ್‌ಮಿ, ಒಪ್ಪೊಗಳ 80 ವ್ಯಾಟ್, 100 ವ್ಯಾಟ್‌ಗಳು ಅವರದೇ ಚಾರ್ಜರಿನಲ್ಲಿ ಮಾತ್ರ. ಬೇರೆ ಪವರ್ ಬ್ಯಾಂಕ್ ಸಿಕ್ಕಿಸಿದರೆ ಹಲವು ಮಾದರಿಗಳು ಅದರ ಕಾಲುಭಾಗಕ್ಕೂ ಇಳಿಯುತ್ತವೆ. ‘22.5 ವ್ಯಾಟ್’ ಎಂದು ದೊಡ್ಡದಾಗಿ ಬರೆದ ಪವರ್ ಬ್ಯಾಂಕುಗಳಲ್ಲಿ ಆ ಅಂಕಿ ಬಹಳ ಸಲ ಟೈಪ್-ಎ ಪೋರ್ಟಿನದು, ಅದೂ ಕೆಲವೇ ಬ್ರ್ಯಾಂಡಿನ ಫೋನಿಗೆ ಸಿಗುವಂಥದ್ದು. ಬೆನ್ನಿಗೆ ಅಂಟುವ ಮ್ಯಾಗ್ನೆಟಿಕ್ ಪವರ್ ಬ್ಯಾಂಕ್ ನೋಡಲು ಚೆಂದ, ಆದರೆ ತಂತಿಗಿಂತ ಹೆಚ್ಚು ವಿದ್ಯುತ್ತನ್ನು ಬಿಸಿಯಾಗಿ ಕಳೆಯುತ್ತದೆ. ಮೇ ತಿಂಗಳ ಬಸ್ಸಿನಲ್ಲಿ ಅದನ್ನು ಜೇಬಲ್ಲಿಟ್ಟುಕೊಳ್ಳುವುದು ಒಂದು ಶಿಕ್ಷೆ. ಊದಿಕೊಂಡ ಪವರ್ ಬ್ಯಾಂಕನ್ನು ಒತ್ತಿ ನೋಡಬೇಡಿ, ಕಸದ ಗಾಡಿಗೂ ಹಾಕಬೇಡಿ, ಇ-ತ್ಯಾಜ್ಯಕ್ಕೇ ಕೊಡಿ.

ಮೆಟ್ರೊ ಟಿಕೆಟ್ ಕ್ಯೂಆರ್ ರೂಪದಲ್ಲಿ ಫೋನಿನೊಳಗೇ ಇದ್ದರೆ ಪವರ್ ಬ್ಯಾಂಕಿನ ಬೆಲೆ ಗೊತ್ತಾಗುವುದು ಇಳಿಯುವ ಗೇಟಿನಲ್ಲಿ. ದಿನಾ ಓಡಾಡುವವರಿಗೆ ಪ್ಲಾಸ್ಟಿಕ್ ಕಾರ್ಡೇ ಮೇಲು. ಅದಕ್ಕೆ ಚಾರ್ಜು ಬೇಡ.

ಓದಿಗೆ ಬರೋಣ. ಕಿಂಡಲ್‌ನಂಥ ಓದುವ ಸಾಧನಗಳ ಇ-ಇಂಕ್ ಪರದೆ ಬಿಸಿಲಿನಲ್ಲೂ ಕಾಗದದಂತೆ ಕಾಣುತ್ತದೆ, ವಾರಗಟ್ಟಲೆ ಚಾರ್ಜ್ ಕೇಳುವುದಿಲ್ಲ. ಕಬ್ಬನ್ ಪಾರ್ಕಿನ ಬೆಂಚಿನಲ್ಲಿ ಕೂತು ಓದುವುದಾದರೆ ಯಾವ ಫೋನೂ ಇದರ ಹತ್ತಿರ ಬರುವುದಿಲ್ಲ. ಆದರೆ ಕನ್ನಡದ ಓದುಗ ಎಡವುವುದೂ ಇಲ್ಲೇ. 2016ರ ಕೊನೆಗೆ ಕಿಂಡಲ್ ಐದು ಭಾರತೀಯ ಭಾಷೆಗಳನ್ನು ತಂದಾಗ ಹಿಂದಿ, ತಮಿಳು, ಮರಾಠಿ, ಗುಜರಾತಿ, ಮಲಯಾಳಂ ಇದ್ದವು, ಕನ್ನಡ ಇರಲಿಲ್ಲ. ಹಾಗಾಗಿ ಕನ್ನಡಿಗರ ಕಿಂಡಲ್ ತುಂಬ ಪಿಡಿಎಫ್‌ಗಳೇ. ಡೆಮಿ 1/8 ಆಕಾರದ ಪುಸ್ತಕದ ಪುಟ ಐದೂವರೆಗೆ ಎಂಟೂವರೆ ಇಂಚು. ಆರು ಇಂಚಿನ ಪರದೆ 3.6ಕ್ಕೆ 4.8 ಇಂಚು. ಇಡೀ ಪುಟ ಹೊಂದಿಸಿದರೆ 12 ಪಾಯಿಂಟಿನ ಅಕ್ಷರ 7ರ ಕೆಳಗೆ ಇಳಿಯುತ್ತದೆ. ಇಂಗ್ಲಿಷ್ ಅಕ್ಷರ ಹೇಗೋ ತಡೆದೀತು. ಕನ್ನಡದಲ್ಲಿ ಒತ್ತಕ್ಷರ ಮೊದಲು ಸಾಯುತ್ತದೆ, ‘ತ್ರ’ ಯಾವುದು ‘ತೃ’ ಯಾವುದು ಎಂದು ಕಣ್ಣು ಕಿರಿದು ಮಾಡಬೇಕು. ಮಾರ್ಜಿನ್ ಕತ್ತರಿಸಿ, ಪರದೆಯನ್ನು ಅಡ್ಡ ತಿರುಗಿಸಿದರೆ ಅಕ್ಷರ ಮೂಲದ ಗಾತ್ರಕ್ಕೇ ಬರುತ್ತದೆ. ಒಂದು ಪುಟಕ್ಕೆ ಎರಡು ಮೂರು ಸಲ ತಿರುವಬೇಕು, ಅಷ್ಟೇ. ಕೆ2ಪಿಡಿಎಫ್‌ಆಪ್ಟ್ ಎಂಬ ಉಚಿತ ತಂತ್ರಾಂಶ ಈ ಕತ್ತರಿ ಕೆಲಸವನ್ನು ಒಟ್ಟಿಗೆ ಮಾಡಿಕೊಡುತ್ತದೆ.

ಕನ್ನಡವನ್ನೇ ಹೆಚ್ಚು ಓದುವವರು ಆಂಡ್ರಾಯ್ಡ್ ಇರುವ ಇ-ಇಂಕ್ ಸಾಧನ, ಉದಾಹರಣೆಗೆ ಓನಿಕ್ಸ್ ಬೂಕ್ಸ್, ಅದರಲ್ಲೂ 7.8 ಇಂಚು ಅಥವಾ ದೊಡ್ಡದನ್ನು ನೋಡಬೇಕು. ಮೈಲ್ಯಾಂಗ್‌ನಂಥ ಕನ್ನಡ ಪುಸ್ತಕದ ಆ್ಯಪ್ ಹಾಕಿಕೊಳ್ಳಬಹುದು; ಯೂನಿಕೋಡ್ ಇ-ಪಬ್ ಆದರೆ ಅಕ್ಷರವನ್ನು ಬೇಕಾದಷ್ಟು ದೊಡ್ಡದು ಮಾಡಬಹುದು. ಇನ್ನೊಂದು ಹಳೇ ಕಾಯಿಲೆ: ನುಡಿ, ಬರಹ ತಂತ್ರಾಂಶಗಳ ಹಳೇ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿನಲ್ಲಿ ಬೆರಳಚ್ಚಾದ ವರ್ಡ್ ಕಡತ ಫೋನಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತದೆ. ಫೋನು ಕೆಟ್ಟಿಲ್ಲ. ಯೂನಿಕೋಡಿಗೆ ಪರಿವರ್ತಿಸಿ ಕಳಿಸಿ ಎಂದು ಕಳಿಸಿದವರಿಗೇ ಹೇಳಿ. ಅದೇ ಕಡತ ಪಿಡಿಎಫ್ ಆಗಿದ್ದರೆ ಚೆನ್ನಾಗಿ ಕಾಣುತ್ತದೆ, ಆದರೆ ಹುಡುಕಾಟವೂ ಗಟ್ಟಿಯಾಗಿ ಓದಿಸುವುದೂ ನಡೆಯದು.

ಕ್ಯಾಮೆರಾಕ್ಕೆ ಬೇರೆ ಸಾಮಾನು ಹೆಚ್ಚಿನವರಿಗೆ ಬೇಡ. 200 ಮೆಗಾಪಿಕ್ಸೆಲ್ ಅನ್ನುವುದು ಹದಿನಾರು ಚುಕ್ಕೆ ಸೇರಿಸಿ 12.5 ಮಾಡುವ ಲೆಕ್ಕ. 2 ಮೆಗಾಪಿಕ್ಸೆಲ್ ಮ್ಯಾಕ್ರೊ ಲೆನ್ಸಂತೂ ಕ್ಯಾಮೆರಾ ಎಣಿಕೆ ಹೆಚ್ಚಿಸಲು ಇಟ್ಟ ಬೊಟ್ಟು. ಲಾಲ್‌ಬಾಗಿನ ಹೂವಿನ ಪ್ರದರ್ಶನದಲ್ಲಿ ಟೆಲಿಫೋಟೊ ಹಾಕಿ ನಾಲ್ಕು ಹೆಜ್ಜೆ ಹಿಂದೆ ನಿಂತು ತೆಗೆಯಿರಿ. ವೇದಿಕೆಯಲ್ಲಿ ಮುಖ ಬೆಳ್ಳಗೆ ಸುಟ್ಟು ಬಂದರೆ ಮುಖದ ಮೇಲೆ ಬೆರಳೊತ್ತಿ ಹಿಡಿದು ಎಕ್ಸ್‌ಪೋಶರ್ ಬಿಗಿಮಾಡಿ, ಒಂದು ಹಂತ ಕೆಳಗಿಳಿಸಿ. ಎಲ್‌ಇಡಿ ಬೆಳಕಿನಲ್ಲಿ ವಿಡಿಯೊ ಪಟ್ಟೆಪಟ್ಟೆಯಾಗುವುದಕ್ಕೆ ಬಹಳ ಸಲ ನಮ್ಮ 50 ಹರ್ಟ್ಸ್ ವಿದ್ಯುತ್ ಕಾರಣ. ಪ್ರೊ ಮೋಡಿನಲ್ಲಿ ಶಟರ್ 1/50 ಅಥವಾ 1/100 ಇಟ್ಟರೆ ಹೋಗುತ್ತದೆ.

ಇಯರ್‌ಬಡ್‌ನ ಎಎನ್‌ಸಿ, ಅಂದರೆ ಸದ್ದಡಗಿಸುವ ವ್ಯವಸ್ಥೆ, ಬಸ್ ಎಂಜಿನ್ನಿನ ಗೊರಗೊರವನ್ನು ನುಂಗುತ್ತದೆ, ಹಾರ್ನನ್ನು ನುಂಗುವುದಿಲ್ಲ. ಸ್ಮಾರ್ಟ್ ವಾಚು ಹೆಜ್ಜೆ ಎಣಿಸಲಿ, ಅದಕ್ಕಿಂತ ಹೆಚ್ಚು ನಿರೀಕ್ಷೆ ಬೇಡ. ರೇಡಿಯೊ ಪ್ರಿಯರು ಮಾತ್ರ ಫೋನನ್ನು ನಂಬಬೇಡಿ: ಎಫ್‌ಎಂಗೆ ಇಯರ್‌ಫೋನಿನ ತಂತಿಯೇ ಆಂಟೆನಾ, ಈಗ ಬಹಳ ಫೋನುಗಳಲ್ಲಿ ತಂತಿಯ ತೂತೇ ಇಲ್ಲ. ಪೆನ್ಸಿಲ್ ಸೆಲ್ಲಿನ ಒಂದು ಪುಟ್ಟ ರೇಡಿಯೊ ಇದ್ದರೆ ಕರೆಂಟು ಹೋದ ಮಳೆಯ ರಾತ್ರಿಯಲ್ಲೂ 101.3ರ ಕಾಮನಬಿಲ್ಲು, 102.9ರ ವಿವಿಧ ಭಾರತಿ ಡೇಟಾ ಖರ್ಚಿಲ್ಲದೆ ಬರುತ್ತವೆ.

ಮಳೆ ಅಂದಮೇಲೆ ಐಪಿ68, ಅಂದರೆ ಧೂಳು, ನೀರು ತಡೆಯುವ ದರ್ಜೆ. ಅದು ಹೊಸ ಫೋನಿಗೆ, ಸಿಹಿನೀರಿಗೆ, ನಿಂತ ನೀರಿಗೆ ಕೊಟ್ಟ ಅಂಕಿ. ಒಮ್ಮೆ ಪರದೆ ಬಿಚ್ಚಿಸಿದರೆ ಸುತ್ತಲಿನ ಅಂಟು ಹೋಯಿತು, ಐಪಿಯೂ ಹೋಯಿತು. ಒದ್ದೆಯಾದ ಚಾರ್ಜಿಂಗ್ ಪೋರ್ಟಿಗೆ ಅಕ್ಕಿ ಡಬ್ಬಿ ಮದ್ದಲ್ಲ, ಅಕ್ಕಿಯ ಹುಡಿ ಒಳಗೆ ಸೇರುತ್ತದೆ ಅಷ್ಟೆ. ಪೋರ್ಟ್ ಕೆಳಮುಖ ಮಾಡಿ ಮೆಲ್ಲಗೆ ತಟ್ಟಿ, ಫ್ಯಾನಿನ ಗಾಳಿಗೆ ಇಡಿ.

ಪರದೆ ಒಡೆದು ಎಸ್‌ಪಿ ರೋಡಿಗೋ ನ್ಯಾಷನಲ್ ಮಾರ್ಕೆಟ್ಟಿಗೋ ಹೋದಾಗ ‘ಒರಿಜಿನಲ್ಲೇ ಸಾರ್’ ಎನ್ನುವ ಮಾತಿಗೆ ಮೂರು ಅರ್ಥ ಇರಬಹುದು: ಕಂಪನಿಯ ಹೊಸ ಭಾಗ, ಬೇರೆ ಫೋನಿನಿಂದ ಬಿಚ್ಚಿದ ಭಾಗ, ಅಥವಾ ಓಎಲ್‌ಇಡಿ ಜಾಗಕ್ಕೆ ಕೂರಿಸುವ ಇನ್‌ಸೆಲ್ ಎಲ್‌ಸಿಡಿ. ಮೂರನೆಯದನ್ನು ಹಿಡಿಯುವುದು ಸುಲಭ. ಪೂರ್ತಿ ಕಪ್ಪು ಚಿತ್ರ ತೆರೆದು ಅಂಗಡಿಯ ಮೂಲೆಯ ಕತ್ತಲಲ್ಲಿ ನೋಡಿ. ಕಪ್ಪು ಬೂದಿಯಾಗಿ ಬೆಳಗಿದರೆ ಎಲ್‌ಸಿಡಿ. ಪರದೆಯೊಳಗೆ ಆಪ್ಟಿಕಲ್ ಬೆರಳಚ್ಚು ಇರುವ ಫೋನಾದರೆ ಅದು ಎಲ್‌ಸಿಡಿಯಡಿ ಕೆಲಸ ಮಾಡುವುದೇ ಇಲ್ಲ. ಆದ್ದರಿಂದ ಬೆರಳಚ್ಚು, ಆಟೊ ಬ್ರೈಟ್‌ನೆಸ್, ಕರೆಯಲ್ಲಿ ಕಿವಿಗಿಟ್ಟಾಗ ಪರದೆ ಆರುವುದು, ಈ ಮೂರನ್ನೂ ಪರದೆ ಅಂಟಿಸುವ ಮುನ್ನ ಕನೆಕ್ಟರ್ ಮಾತ್ರ ಸಿಕ್ಕಿಸಿ ತೋರಿಸಿ ಎಂದು ಕೇಳಿ. ಅಂಟು ಒಣಗಿದ ಮೇಲೆ ಕೇಳಿದರೆ ಮತ್ತೆ ಬಿಚ್ಚಲು ಯಾರೂ ಒಪ್ಪುವುದಿಲ್ಲ.