ಜಾಝ್ ಬೇಸ್‌ಗೆ ಭಾರದ ಬ್ರಿಜ್: ಸಸ್ಟೇನ್ ಬಂತಾ?

ಸಸ್ಟೇನ್, ಅಂದರೆ ಮೀಟಿದ ಸ್ವರ ನಿಲ್ಲುವ ಹೊತ್ತು, ಜಾಸ್ತಿ ಆಗುತ್ತದೆ ಅಂತ ನಂಬಿ ಬೇಸ್ ಗಿಟಾರ್‌ಗೆ ಹೈ ಮಾಸ್ ಬ್ರಿಜ್ (ಬಾಡಿಯ ಮೇಲೆ ತಂತಿಗಳನ್ನು ಹಿಡಿದಿಡುವ ಭಾರದ ಲೋಹದ ಭಾಗ) ಕೊಳ್ಳಲು ಹೊರಟವರು ಸ್ವಲ್ಪ ತಡೆಯಿರಿ. ನನ್ನದು ಜಾಝ್ ಬೇಸ್ ಮಾದರಿ, ನಾಲ್ಕು ತಂತಿ, 34 ಇಂಚಿನ ಸ್ಕೇಲ್ (ತಂತಿ ಅದುರುವ ಉದ್ದ). ಅದರ ಜೊತೆ ಬಂದಿದ್ದು ತಗಡು ಬಗ್ಗಿಸಿ ಮಾಡಿದ ಮಾಮೂಲಿ ಬ್ರಿಜ್. ಅದನ್ನು ತೆಗೆದು ಹಿತ್ತಾಳೆ ಸ್ಯಾಡಲ್‌ಗಳ (ಒಂದೊಂದು ತಂತಿ ಕೂರುವ ಸಣ್ಣ ತುಂಡುಗಳು), ಒಳ್ಳೆ ತೂಕ ಇರುವ ಬ್ರಿಜ್ ಹಾಕಿದೆ. ಬ್ರ್ಯಾಂಡ್ ಹೆಸರು ಬೇಡ, ಈ ಜಾತಿಯವೆಲ್ಲ ಕೆಲಸದಲ್ಲಿ ಹೆಚ್ಚುಕಡಿಮೆ ಒಂದೇ.

ಈ ಹುಚ್ಚು ಹಬ್ಬಿದ್ದು ಬ್ಯಾಡ್‌ಆ್ಯಸ್ ಎಂಬ ಭಾರದ ಬ್ರಿಜ್‌ನಿಂದ. ಹೆಸರಾಂತ ಬೇಸ್ ವಾದಕರಾದ ಗೆಡ್ಡಿ ಲೀ, ಮಾರ್ಕಸ್ ಮಿಲ್ಲರ್ ಇಬ್ಬರ ಜಾಝ್ ಬೇಸ್‌ನಲ್ಲೂ ಅದಿತ್ತು. ಆದರೆ ಮಿಲ್ಲರ್ ಅವರ 1977ರ ಬೇಸ್‌ಗೆ ಗಿಟಾರ್ ತಯಾರಕ ರೋಜರ್ ಸಡೋವ್ಸ್ಕಿ ಪ್ರೀಆ್ಯಂಪ್ (ಬೇಸ್ ಒಳಗೇ ಸದ್ದನ್ನು ಹಿಗ್ಗಿಸಿ ತಿದ್ದುವ ಸರ್ಕ್ಯೂಟ್) ಕೂಡ ಕೂರಿಸಿದ್ದರು, ಅದು ಮಾತ್ರ ಯಾರಿಗೂ ನೆನಪಾಗುವುದಿಲ್ಲ. ತಂತಿ ಮೀಟುವ ಮಿಲ್ಲರ್ ಅವರ ಹೆಬ್ಬೆರಳಂತೂ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ ಬಿಡಿ.

ಬ್ರಿಜ್ ಬದಲಿಸುವಾಗ ತುಂಬಾ ಜನ ಹೊಸ ತಂತಿ ಹಾಕುತ್ತಾರೆ, ಆಮೇಲೆ "ಅಬ್ಬಾ, ಏನು ಹೊಳಪು" ಅನ್ನುತ್ತಾರೆ. ಆ ಹೊಳಪು ತಂತಿಯದು! ಅದಕ್ಕೇ ನಾನು ಹಳೆಯ ತಂತಿಗಳನ್ನೇ ವಾಪಸ್ ಹಾಕಿ, ಆಕ್ಷನ್ (ಫ್ರೆಟ್‌ಗಳಿಂದ ತಂತಿಯ ಎತ್ತರ) ಮೊದಲಿನಷ್ಟೇ ಇಟ್ಟು, ಟೋನ್ ನಾಬ್ ಮುಟ್ಟದೆ ಅದೇ ಸ್ವರಗಳನ್ನು ಮತ್ತೆ ರೆಕಾರ್ಡ್ ಮಾಡಿದೆ. ಮೀಟಿದ ಕ್ಷಣದ ಪೆಟ್ಟು ಒಂಚೂರು ಬಿಗಿಯಾಗಿದೆ, ಅಷ್ಟೆ. ಡ್ರಮ್ಸ್ ಶುರುವಾದರೆ ಅದೂ ಗೊತ್ತಾಗುವುದಿಲ್ಲ. ಸ್ವರ ನಿಲ್ಲುವ ಹೊತ್ತಿನಲ್ಲಿ ನನ್ನ ಕಿವಿಗೆ ವ್ಯತ್ಯಾಸ ಕಾಣಲಿಲ್ಲ.

ಜಿ ತಂತಿಯ (ಎಲ್ಲಕ್ಕಿಂತ ತೆಳುವಾದದ್ದು) 5ರಿಂದ 7ನೇ ಫ್ರೆಟ್ (ನೆಕ್ ಮೇಲಿನ ಅಡ್ಡ ಲೋಹದ ಪಟ್ಟಿ) ಆಸುಪಾಸಿನಲ್ಲಿ ಸ್ವರ ಬೇಗ ಸಾಯುತ್ತದಲ್ಲ, ಆ ಡೆಡ್ ಸ್ಪಾಟ್ ಹಾಗೇ ಇದೆ. ಇರಲೇಬೇಕು, ಯಾಕೆಂದರೆ ಅಲ್ಲಿ ತಂತಿಯ ಕಂಪನವನ್ನು ನುಂಗುವುದು ನೆಕ್, ಅಂದರೆ ಬೇಸ್‌ನ ಉದ್ದ ಕುತ್ತಿಗೆ. ನೆಕ್ ತಾನಾಗಿ ಅದುರುವ ವೇಗಕ್ಕೆ ಆ ಸ್ವರ ಹೊಂದಿಕೊಂಡರೆ ಶಕ್ತಿಯೆಲ್ಲ ಅತ್ತ ಹರಿದುಹೋಗುತ್ತದೆ. ಬ್ರಿಜ್ ಇರುವುದು ಇನ್ನೊಂದು ತುದಿಯಲ್ಲಿ, ಅಲ್ವಾ? ನೆಕ್ ತುದಿಯ ಹೆಡ್‌ಸ್ಟಾಕ್‌ಗೆ ಒಂದು ಸಣ್ಣ ಕ್ಲಾಂಪ್ ಕಚ್ಚಿಸಿ ನೋಡಿ, ಡೆಡ್ ಸ್ಪಾಟ್ ಜಾಗ ಬದಲಿಸುತ್ತದೆ. ಪೂರ್ತಿ ಹೋಗುವುದಿಲ್ಲ, ನೀವು ಕಡಿಮೆ ಬಳಸುವ ಸ್ವರಕ್ಕೆ ಸರಿದರೆ ಅದೇ ಲಾಭ. ಹಗುರ ಟ್ಯೂನರ್ (ತಂತಿ ಬಿಗಿಸುವ ಕಿವಿ) ಹಾಕಿದರೂ ಜಾಗ ಸರಿಯುತ್ತದೆ, ಜೊತೆಗೆ ನೆಕ್ ಕೆಳಗೆ ವಾಲುವುದೂ ಕಡಿಮೆಯಾಗುತ್ತದೆ. ನೆಕ್ ತುದಿಯಲ್ಲಿ ತಂತಿ ಕೂರುವ ನಟ್ ಹಿತ್ತಾಳೆಯದಾದರೆ? ಅದು ಖಾಲಿ ತಂತಿಗೆ ಮಾತ್ರ. ಬೆರಳಿಟ್ಟ ಮೇಲೆ ತಂತಿಯ ತುದಿ ಫ್ರೆಟ್ ತಾನೆ.

ಹಾಗಂತ ಬ್ರಿಜ್ ದಂಡವಲ್ಲ. ಹಳೆಯದರಲ್ಲಿ ಜೋರಾಗಿ ಮೀಟಿದರೆ ಸ್ಯಾಡಲ್ ಪಕ್ಕಕ್ಕೆ ಜಾರುತ್ತಿತ್ತು, ಸಣ್ಣ ಸ್ಕ್ರೂಗಳು ತಾವೇ ಸಡಿಲವಾಗುತ್ತಿದ್ದವು. ಇದರಲ್ಲಿ ಇಂಟೊನೇಷನ್ (ಎಲ್ಲ ಫ್ರೆಟ್‌ನಲ್ಲೂ ಸ್ವರ ಸರಿ ಬರುವಂಥ ಹೊಂದಾಣಿಕೆ) ಇಟ್ಟಲ್ಲೇ ಇದೆ. ಅದಕ್ಕಾಗಿ 5ಕ್ಕೆ 3 ಕೊಡುತ್ತೇನೆ. ಆದರೆ ಬರೀ ಟೋನ್ ಬೇಕು ಅನ್ನುವವರಿಗೆ ಈ ದುಡ್ಡಿನಲ್ಲಿ ಎರಡು ಸೆಟ್ ಒಳ್ಳೆ ತಂತಿ ಬರುತ್ತದೆ, ಒಂದು ರೌಂಡ್‌ವೌಂಡ್ (ದುಂಡು ತಂತಿ ಸುತ್ತಿದ, ಹೊಳಪಿನ ಸದ್ದಿನದು), ಒಂದು ಫ್ಲಾಟ್‌ವೌಂಡ್ (ಚಪ್ಪಟೆ ಪಟ್ಟಿ ಸುತ್ತಿದ, ಮೆತ್ತನೆ ಸದ್ದಿನದು). ಬೇಸೇ ಬದಲಾದಂತೆ ಕೇಳುತ್ತದೆ. ಅಷ್ಟಕ್ಕೂ ಎಲ್ಲರಿಗೂ ಸಸ್ಟೇನ್ ಯಾಕೆ? ಅಮೆರಿಕದ ಮೋಟೌನ್ ರೆಕಾರ್ಡ್ ಕಂಪನಿಯ ಬೇಸ್ ವಾದಕ ಜೇಮ್ಸ್ ಜೇಮರ್ಸನ್ ಹಳೆಯ ಫ್ಲಾಟ್‌ವೌಂಡ್ ತಂತಿ ಇಟ್ಟುಕೊಂಡು, ಬ್ರಿಜ್ ಕವರಿನ ಕೆಳಗೆ ಸ್ವರ ಬೇಗ ಅಡಗಿಸುವ ಫೋಮ್ ಇರುವ ಪ್ರಿಸಿಷನ್ ಬೇಸ್‌ನಲ್ಲೇ ನುಡಿಸಿದರು.

ಆದರೂ ತೆಗೆದುಕೊಳ್ಳುತ್ತೀರಾದರೆ ಸ್ಕ್ರೂ ತೂತುಗಳ ಅಂತರ ಮೊದಲು ಅಳೆಯಿರಿ, ಇಲ್ಲದಿದ್ದರೆ ಮರ ಕೊರೆಯಬೇಕಾಗುತ್ತದೆ. ಹಳೆಯ ಬ್ರಿಜ್ ಕೆಳಗೆ ಒಂದು ಬರಿಯ ತಂತಿ ಇಣುಕುತ್ತಿರುತ್ತದೆ, ಅದು ಗ್ರೌಂಡ್ ವೈರ್. ಹೊಸ ಬ್ರಿಜ್‌ನ ಲೋಹಕ್ಕೆ ಅದು ತಾಗಲೇಬೇಕು, ತಾಗದಿದ್ದರೆ ಆ್ಯಂಪ್ ಗುಂಯ್ ಅನ್ನುತ್ತದೆ.