ವಿನ್ ಸಾಂತೋ: ಜೊತೆಗೆ ಜಾಮೂನು ಬೇಡ, ರಸ್ಕ್ ಇರಲಿ

ಫ್ಲಾರೆನ್ಸಿನಿಂದ ಬಂದ ಬಂಧುವೊಬ್ಬರು ತಂದ ಅರ್ಧ ಬಾಟಲಿ, ಅಂದರೆ 375 ಮಿಲಿಲೀಟರಿನ 'ವಿನ್ ಸಾಂತೋ ದೆಲ್ ಕ್ಯಾಂತಿ' ಎಂಬ ಇಟಲಿಯ ಸಿಹಿ ವೈನನ್ನು ಹಾಸನದ ನಮ್ಮ ಮನೆಯಲ್ಲಿ ಊಟದ ನಂತರ ತೆರೆದೆವು. ಸಿಹಿ ವೈನ್ ಎಂದರೆ ಸಕ್ಕರೆ ಬೆರೆಸಿದ ದ್ರಾಕ್ಷಿರಸವೆಂದು ಭಾವಿಸಿದ್ದವರಿಗೆ ಮೊದಲ ಗುಟುಕೇ ಉತ್ತರವಾಯಿತು.

ಇದರ ಸಿಹಿ ಹೊರಗಿನಿಂದ ಸೇರಿಸಿದ್ದಲ್ಲ. ಟಸ್ಕನಿ ಪ್ರಾಂತ್ಯದಲ್ಲಿ ಟ್ರೆಬ್ಬಿಯಾನೊ, ಮಾಲ್ವಾಸಿಯಾ ಎಂಬ ಬಿಳಿ ದ್ರಾಕ್ಷಿಗಳ ಗೊಂಚಲುಗಳನ್ನು ಗಾಳಿಯಾಡುವ ಕೋಣೆಗಳಲ್ಲಿ ತೂಗುಹಾಕಿ ಅಥವಾ ಚಾಪೆಗಳ ಮೇಲೆ ಹರಡಿ ಚಳಿಗಾಲದವರೆಗೆ ಬಾಡಿಸುತ್ತಾರೆ. ನೀರಿನಂಶ ಇಳಿದು ಸಕ್ಕರೆ, ಹುಳಿ, ಪರಿಮಳಗಳೆಲ್ಲ ಗಟ್ಟಿಗೊಂಡ ಆ ಹಣ್ಣಿನ ರಸವನ್ನು ಚಿಕ್ಕ ಮರದ ಪೀಪಾಯಿಗಳಲ್ಲಿ ತುಂಬಿ ಮುಚ್ಚಿ, ತಣ್ಣನೆಯ ನೆಲಮಾಳಿಗೆಗೆ ಒಯ್ಯದೆ, ಬೇಸಿಗೆಯ ಕಾವೂ ಚಳಿಗಾಲದ ಕೊರೆತವೂ ನೇರವಾಗಿ ತಟ್ಟುವ ಅಟ್ಟದಲ್ಲಿ ಕನಿಷ್ಠ ಮೂರು ವರ್ಷವಾದರೂ ಇಡುತ್ತಾರೆ. ಪೀಪಾಯಿಯಲ್ಲಿ ಒಂದಿಷ್ಟು ಜಾಗ ಖಾಲಿ ಬಿಡುವುದರಿಂದ ಗಾಳಿ ತಾಗಿ ಬಣ್ಣ ಕಂದುಹೊನ್ನಿಗೆ ತಿರುಗುತ್ತದೆ. ಕಾಫಿ ಹಣ್ಣನ್ನು ಸಿಪ್ಪೆ ಸಮೇತ ಕಣದಲ್ಲಿ ಒಣಗಿಸುವ ಸಕಲೇಶಪುರದ ಬೆಳೆಗಾರರಿಗೆ ಇದರ ತರ್ಕವನ್ನು ವಿವರಿಸಬೇಕಾಗಿಲ್ಲ.

ಮೂಗಿಗೆ ಮೊದಲು ಬರುವುದು ಒಣ ಅಂಜೂರ ಮತ್ತು ಅಕ್ರೋಟಿನ ವಾಸನೆ. ಬಾಯಲ್ಲಿ ಕಿತ್ತಳೆ ಸಿಪ್ಪೆ, ಕಂದಿಸಿದ ಸಕ್ಕರೆ, ಕೊನೆಗೆ ತುಸು ಕಹಿ. ಆ ಕಹಿ ಮತ್ತು ಹುಳಿ ಇರುವುದರಿಂದಲೇ ಎರಡನೆಯ ಗುಟುಕು ಬೇಕೆನಿಸುತ್ತದೆ. ಮದ್ಯಾಂಶ ಶೇಕಡಾ 16ರ ಆಸುಪಾಸಿನಲ್ಲಿರುವುದರಿಂದ ಒಬ್ಬರಿಗೆ 60 ಮಿಲಿಲೀಟರ್ ಸಾಕು.

ಜೊತೆಗೆ ಏನಿಡಬೇಕೆಂಬುದರಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ತಿಂಡಿಯ ಸಿಹಿ ವೈನಿನ ಸಿಹಿಯನ್ನು ಮೀರಬಾರದು. ಗುಲಾಬ್ ಜಾಮೂನನ್ನು ಮೊದಲು ತಿಂದರೆ ಪಾಕದ ಸಿಹಿಯ ಎದುರು ವೈನ್ ಹುಳಿಯಾಗಿ, ತೆಳ್ಳಗೆ ಕಾಣುತ್ತದೆ. ಮೈಸೂರು ಪಾಕಿನ ತುಪ್ಪ ನಾಲಿಗೆಗೆ ಅಂಟಿಕೊಂಡು ಪರಿಮಳವನ್ನೆಲ್ಲ ಮುಚ್ಚಿಬಿಡುತ್ತದೆ. ಟಸ್ಕನಿಯವರು ಇದರೊಂದಿಗೆ ಕಾಂಟುಚ್ಚಿ ಎಂಬ ಬಾದಾಮಿ ಬಿಸ್ಕತ್ತನ್ನು ತಿನ್ನುತ್ತಾರೆ. ಪ್ರಾತೊ ನಗರದಲ್ಲಿ 1858ರಲ್ಲಿ ಆರಂಭವಾದ ಆಂಟೋನಿಯೊ ಮತ್ತೇಯಿ ಅಂಗಡಿ ಅದಕ್ಕೆ ಹೆಸರುವಾಸಿ. ಹಿಟ್ಟಿನ ಉದ್ದನೆಯ ದಿಂಡನ್ನು ಬೇಯಿಸಿ, ಓರೆಯಾಗಿ ಕೊಯ್ದು, ಹೋಳುಗಳನ್ನು ಮತ್ತೆ ಒಲೆಗೆ ಹಾಕಿ ಗರಿಯಾಗಿಸುವುದು ಅದರ ಸಾಮಾನ್ಯ ಕ್ರಮ. ನಮ್ಮ ಅಯ್ಯಂಗಾರ್ ಬೇಕರಿಯ ರಸ್ಕ್ ಆಗುವುದೂ ಹಾಗೆಯೇ, ಬ್ರೆಡ್ಡನ್ನು ಎರಡನೆಯ ಸಲ ಸುಟ್ಟು! ಬೆಂಗಳೂರಿಗೆ ಅಯ್ಯಂಗಾರ್ ಬೇಕರಿಗಳನ್ನು ಕೊಟ್ಟ ಜಿಲ್ಲೆಯಲ್ಲಿ ಕುಳಿತು ಇಟಲಿಯ ಬಿಸ್ಕತ್ತಿಗಾಗಿ ಪರದಾಡುವುದೇಕೆ? ಸಕ್ಕರೆ ಕಡಿಮೆ ಇರುವ ರಸ್ಕ್, ಪಕ್ಕದಲ್ಲಿ ಸಿಪ್ಪೆ ಸಮೇತ ಹುರಿದ ನಾಲ್ಕಾರು ಬಾದಾಮಿ ಇಟ್ಟುಕೊಂಡರೆ ಜೋಡಿ ಸೊಗಸಾಗಿ ಹೊಂದುತ್ತದೆ. ಏಲಕ್ಕಿ ಹಾಕಿದ ರಸ್ಕ್ ಮಾತ್ರ ಬೇಡ, ಏಲಕ್ಕಿಯ ಘಾಟು ಬೇರೆಲ್ಲವನ್ನೂ ಹಿಂದಕ್ಕೆ ತಳ್ಳುತ್ತದೆ. ಬೆಣ್ಣೆ ಬಿಸ್ಕತ್ತೂ ನಡೆಯುತ್ತದೆ, ಆದರೆ ರಸ್ಕಿನಷ್ಟು ಒಪ್ಪುವುದಿಲ್ಲ.

ಕಾಂಟುಚ್ಚಿಯನ್ನು ವೈನಿನಲ್ಲಿ ಅದ್ದಿ ತಿನ್ನುವ ರೂಢಿ ಅಲ್ಲಿ ವ್ಯಾಪಕವಾಗಿದೆ. ಕಾಫಿಗೆ ರಸ್ಕ್ ಅದ್ದುವ ನಮಗೂ ಕೈ ತಾನಾಗಿ ಅತ್ತ ಹೋಗುತ್ತದೆ. ಆದರೂ ಇಷ್ಟು ವರ್ಷ ಕಾದ ಪಾನೀಯದಲ್ಲಿ ಪುಡಿ ತೇಲುವುದನ್ನು ನೋಡಲು ನನಗೆ ಮನಸ್ಸಾಗದು. ಮೊದಲು ಕಚ್ಚಿ, ಆಮೇಲೆ ಹೀರುವುದೇ ಮೇಲು. ಖಾರ ಬಯಸುವವರು ನಿಪ್ಪಟ್ಟಿನತ್ತ ಕೈ ಚಾಚದಿರಲಿ, ಮೆಣಸಿನಕಾಯಿಯ ಉರಿಗೆ ಮದ್ಯದ ಉರಿಯೂ ಕೂಡಿಕೊಳ್ಳುತ್ತದೆ.

ಕೊಳ್ಳುವವರು ಲೇಬಲ್ಲಿನಲ್ಲಿ 'ಲಿಕ್ವೊರೋಸೊ' ಎಂಬ ಪದವಿದೆಯೇ ಎಂದು ನೋಡಬೇಕು. ಅದಿದ್ದರೆ ಹೊರಗಿನಿಂದ ಮದ್ಯಸಾರ ಸೇರಿಸಿ ತಯಾರಿಸಿದ್ದೆಂದು ಅರ್ಥ. ಬೆಲೆ ಸಾಮಾನ್ಯವಾಗಿ ಕಡಿಮೆಯಾದರೂ ಮೇಲೆ ಹೇಳಿದ ರುಚಿಯನ್ನು ಅದರಿಂದ ನಿರೀಕ್ಷಿಸುವಂತಿಲ್ಲ. ಕುಡಿಯುವ ಮುನ್ನ ಬಾಟಲಿಯನ್ನು ಅರ್ಧ ಗಂಟೆ ಫ್ರಿಜ್ಜಿನಲ್ಲಿಟ್ಟರೆ ಸಾಕು, ಅತಿಯಾಗಿ ತಣಿಸಿದರೆ ಪರಿಮಳ ಅಡಗುತ್ತದೆ. ಪೀಪಾಯಿಯಲ್ಲೇ ಗಾಳಿಗೆ ಒಗ್ಗಿದ ವೈನ್ ಆದ್ದರಿಂದ, ತೆರೆದ ಬಾಟಲಿಗೆ ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಕೆಲವು ವಾರ ಕೆಡದೆ ಉಳಿಯುತ್ತದೆ.