ಬ್ರಿಟನ್ನಿನ ವೈದ್ಯರ ರಿಜಿಸ್ಟರ್: ಓದಲು ಬಂದರೆ ತುಂಬ ಉಪಯೋಗ

ಮಕ್ಕಳ ಮನೆಗೆಂದು ಇಂಗ್ಲೆಂಡಿಗೆ ಹೋದ ಅಪ್ಪ-ಅಮ್ಮ ಅಲ್ಲಿ ಆಸ್ಪತ್ರೆ ಸೇರಿದರೆ, ವೈದ್ಯರ ಬ್ಯಾಡ್ಜ್ ಓದಿದವರಿಗೆಲ್ಲ ಗೊಂದಲ. ರಿಜಿಸ್ಟ್ರಾರ್ ಅಂದರೆ ನಮಗೆ ಜಮೀನು ನೋಂದಣಿ ನೆನಪಾಗುತ್ತದೆ. ಅಲ್ಲಿ ಕನ್ಸಲ್ಟೆಂಟ್ (ಚಿಕಿತ್ಸೆಯ ಕೊನೆಯ ಹೊಣೆ ಹೊತ್ತ ಹಿರಿಯ ತಜ್ಞ ವೈದ್ಯರು) ಆಗುವುದಕ್ಕೆ ಒಂದು ಮೆಟ್ಟಿಲು ಕೆಳಗಿದ್ದು, ರಾತ್ರಿ ಪಾಳಿಯಲ್ಲಿ ವಾರ್ಡಿನ ಭಾರ ಹೊರುವ ವೈದ್ಯರಿಗೆ ಆ ಹೆಸರು. ಎದುರಿಗಿರುವವರು ಯಾರೆಂದು ತಿಳಿಯಲು, ಅಲ್ಲಿ ವೈದ್ಯರನ್ನು ನೋಂದಾಯಿಸುವ ಜನರಲ್ ಮೆಡಿಕಲ್ ಕೌನ್ಸಿಲ್‌ನ ಆನ್‌ಲೈನ್ ರಿಜಿಸ್ಟರ್ ಇದೆ. ಯಾರು ಬೇಕಾದರೂ ನೋಡಬಹುದು, ದುಡ್ಡು ಕೊಡಬೇಕಿಲ್ಲ.

ಹೆಸರು ಹಾಕಿ ಹುಡುಕಿದರೆ ಸುಸ್ತಾಗುತ್ತೀರಿ. ರಾವ್, ಕುಮಾರ್ ಎಂದರೆ ಉದ್ದನೆಯ ಪಟ್ಟಿ. ನಮ್ಮವರದಾದರೆ ಅಪ್ಪನ ಹೆಸರೋ ಊರಿನ ಹೆಸರೋ ಸರ್‌ನೇಮ್ ಜಾಗದಲ್ಲಿ ಕೂತಿರುತ್ತದೆ. 7 ಅಂಕಿಯ ನೋಂದಣಿ ಸಂಖ್ಯೆ ಕೇಳಿ, ಅದನ್ನೇ ಹಾಕಿ. ಕೇಳುವುದಕ್ಕೆ ಸಂಕೋಚ ಬೇಡ, ರೋಗಿಯ ಕಡೆಯವರು ಕೇಳಬಹುದಾದದ್ದೇ.

ಮೊದಲು ನೋಡಬೇಕಾದದ್ದು ಲೈಸೆನ್ಸ್. ನೋಂದಣಿ ಇದ್ದು ಲೈಸೆನ್ಸ್ ಇಲ್ಲದವರು ಔಷಧಿ ಬರೆಯುವಂತಿಲ್ಲ. ‘ಪ್ರಾವಿಷನಲ್’ ಎಂದಿದ್ದರೆ ಅವರು ಪದವಿ ಮುಗಿದ ಮೇಲಿನ ಫೌಂಡೇಶನ್ ತರಬೇತಿಯ ಮೊದಲ ವರ್ಷದವರು, ಹೆಚ್ಚುಕಡಿಮೆ ನಮ್ಮ ಹೌಸ್ ಸರ್ಜನ್ ಇದ್ದ ಹಾಗೆ. ಎಂಬಿಬಿಎಸ್ ಯಾವ ವಿಶ್ವವಿದ್ಯಾಲಯದ್ದು, ಯಾವ ವರ್ಷದ್ದು ಎಂಬುದೂ ಸಿಗುತ್ತದೆ. ಸ್ಪೆಷಲಿಸ್ಟ್ ರಿಜಿಸ್ಟರ್‌ನಲ್ಲಿ, ಅಂದರೆ ತಜ್ಞ ವೈದ್ಯರ ಪಟ್ಟಿಯಲ್ಲಿ, ಇದ್ದಾರೋ, ಇದ್ದರೆ ಯಾವ ವಿಭಾಗ, ಯಾವ ದಿನದಿಂದ ಎಂಬ ಸಾಲನ್ನಂತೂ ಬಿಡಬೇಡಿ.

ದೊಡ್ಡ ಕೊರತೆ ಒಂದಿದೆ: ಈಗ ಯಾವ ಹುದ್ದೆಯಲ್ಲಿದ್ದಾರೆ ಎಂದು ರಿಜಿಸ್ಟರ್ ಹೇಳುವುದಿಲ್ಲ. ಸ್ಪೆಷಲಿಸ್ಟ್ ಪಟ್ಟಿಯಲ್ಲಿದ್ದವರೆಲ್ಲ ಕನ್ಸಲ್ಟೆಂಟರಲ್ಲ. ತಾತ್ಕಾಲಿಕವಾಗಿ ಬಂದ ಲೋಕಮ್ ಕನ್ಸಲ್ಟೆಂಟ್ ಆ ಪಟ್ಟಿಯಲ್ಲಿ ಇಲ್ಲದೆಯೂ ಇರಬಹುದು. ಬೆಂಗಳೂರಿನ ಖಾಸಗಿ ಆಸ್ಪತ್ರೆಯಲ್ಲಿ ಎಂಡಿ ಮುಗಿಸಿದ ಕೆಲವೇ ವರ್ಷಕ್ಕೆ ಕನ್ಸಲ್ಟೆಂಟ್ ಬೋರ್ಡು ಬೀಳುತ್ತದೆ, ಅದೇ ಅಳತೆಗೋಲು ಅಲ್ಲಿಗೆ ಒಯ್ಯಬೇಡಿ. ಕನ್ಸಲ್ಟೆಂಟರಿಗಿಂತ ಕೆಳಗಿನ ವೈದ್ಯರಿಗೆ 2024ರ ಸೆಪ್ಟೆಂಬರ್‌ನಿಂದ ‘ಜೂನಿಯರ್ ಡಾಕ್ಟರ್’ ಎಂಬ ಹೆಸರು ಹೋಗಿ ‘ರೆಸಿಡೆಂಟ್ ಡಾಕ್ಟರ್’ ಬಂದಿದೆ. ನಮ್ಮಲ್ಲಿ ಸೀನಿಯರ್ ರೆಸಿಡೆಂಟ್ ಅಂದರೆ ಎಂಡಿ ಅಥವಾ ಎಂಎಸ್ ಆದವರು. ಅಲ್ಲಿ ರೆಸಿಡೆಂಟ್ ಅಂದರೆ ನಿನ್ನೆ ಮೊನ್ನೆ ಸೇರಿದವರೂ ಆಗಬಹುದು, ಎಂಟು ವರ್ಷ ತರಬೇತಿ ಪಡೆದವರೂ ಆಗಬಹುದು. ‘ಎಷ್ಟನೇ ವರ್ಷ? ನಮ್ಮ ಕನ್ಸಲ್ಟೆಂಟ್ ಯಾರು?’ ಎಂದು ಬಾಯಿಬಿಟ್ಟು ಕೇಳುವುದೇ ಸರಿ.

ಸರ್ಜನ್ ಹೆಸರಿನ ಹಿಂದೆ ಡಾಕ್ಟರ್ ಬದಲು ‘ಮಿಸ್ಟರ್’ ಅಥವಾ ‘ಮಿಸ್’ ಇದ್ದರೆ ಗಾಬರಿ ಬೇಡ, ಅದು ಅಲ್ಲಿಯ ಹಳೇ ರೂಢಿ. ಆದರೆ ಸಂಖ್ಯೆ ‘ಎ’ ಅಕ್ಷರದಿಂದ ಶುರುವಾದರೆ ನಿಂತು ಓದಿ. ಅವರು ವೈದ್ಯರಲ್ಲ, 2024ರ ಡಿಸೆಂಬರ್‌ನಿಂದ ಇದೇ ಕೌನ್ಸಿಲ್‌ನ ವ್ಯಾಪ್ತಿಗೆ ಬಂದ, ವೈದ್ಯರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವ ಅಸೋಸಿಯೇಟ್‌ಗಳು.